ಕಣ್ಣು ಬರೆಯುವ ಕುಂಚ

ಮೊದಲು ಹೋದದ್ದು ನಿದ್ದೆ.

ಹೋಯಿತಲ್ಲ ಎಂದು ನನಗೆ ಬೇಸರವೇನೂ ಆಗಲಿಲ್ಲ, ಅದೇ ತಮಾಷೆ. ಆಗಷ್ಟೇ ಶ್ರಾವಣ ಹಿಡಿದಿತ್ತು. ಚೌತಿಯ ಗಣಪತಿಗಳ ಕೆಲಸ ಪಡಸಾಲೆಯ ತುಂಬ ಹರಡಿಕೊಂಡಿತ್ತು. ಅಂಥ ಹೊತ್ತಿನಲ್ಲಿ ನಿದ್ದೆಯೇ ಬೇಡ ಎನ್ನುವ ಮೈ ಸಿಕ್ಕರೆ ಯಾರು ಬೇಡ ಅಂತಾರೆ? ಒಂದು ಗಳಿಗೆ ಒರಗಿದರೆ ಸಾಕು, ಎದ್ದು ಮಣ್ಣು ಕುಟ್ಟುತ್ತಿದ್ದೆ. ಕೈ ಸೋಲುತ್ತಿರಲಿಲ್ಲ. ಹಸಿವು ಗೊತ್ತಾಗುತ್ತಿರಲಿಲ್ಲ. ನಾಲಿಗೆಯಂತೂ ನಿಲ್ಲುತ್ತಲೇ ಇರಲಿಲ್ಲ. ಆ ದಿನಗಳಲ್ಲಿ ನಾನು ಬೀಸುಕಲ್ಲಿನ ಜೊತೆಗೂ ಮಾತಾಡುತ್ತಿದ್ದೆ ಎಂದು ನನ್ನ ಹೆಂಡತಿ ಗಂಗವ್ವ ಹೇಳುತ್ತಾಳೆ. ಇದ್ದರೂ ಇರಬಹುದು. ಬೀಸುಕಲ್ಲು ಎದುರು ಮಾತಾಡುವುದಿಲ್ಲ, ಗಂಗವ್ವನ ಹಾಗಲ್ಲ.

ನಾವು ಮುಂಡಗೋಡಿನಲ್ಲಿ ಗಣಪತಿ ಮಾಡುವವರು. ಅಪ್ಪ ಮಾಡುತ್ತಿದ್ದ, ಅವನಪ್ಪನೂ ಮಾಡುತ್ತಿದ್ದ. ಮಣ್ಣೆತ್ತಿನ ಅಮಾವಾಸ್ಯೆ ಮುಗಿಯಿತೆಂದರೆ ಸುತ್ತಲಿನ ಊರುಗಳ ಮನೆಯವರು ತಮ್ಮ ತಮ್ಮ ಮಣೆ ತಂದು, ಅದರ ಮೇಲೆ ಎಲೆ ಅಡಿಕೆ ಇಟ್ಟು, ನಮ್ಮಲ್ಲಿ ಬಿಟ್ಟು ಹೋಗುತ್ತಾರೆ. ಆ ಮನೆಯ ಗಣಪತಿ ಆ ಮನೆಯ ಮಣೆಯ ಮೇಲೆಯೇ ಆಗಬೇಕು. ಅಳತೆ ಗಿಳತೆ ಯಾರೂ ಹೇಳುವುದಿಲ್ಲ, ಮಣೆಯೇ ಅಳತೆ. ಒಮ್ಮೆ ಮಣೆ ಇಟ್ಟರೆಂದರೆ ಮಾತು ಕೊಟ್ಟ ಹಾಗೆ. ಚಿಗಳ್ಳಿ ಕೆರೆಯ ಮಣ್ಣು ತಂದು, ಹತ್ತಿ ಬೆರೆಸಿ ಕುಟ್ಟಿ ಹದ ಮಾಡುತ್ತೇವೆ. ಮೊದಲು ಹೊಟ್ಟೆ, ಆಮೇಲೆ ತಲೆ, ಸೊಂಡಿಲು, ಕೈಕಾಲು, ಕಿವಿ, ಬಣ್ಣ. ಕಣ್ಣು ಮಾತ್ರ ಕಟ್ಟಕಡೆಗೆ. ಚೌತಿಯ ಹಿಂದಿನ ದಿನ ಮಿಂದು, ಏನೂ ತಿನ್ನದೆ, ಅದಕ್ಕೆಂದೇ ಇಟ್ಟ ಅಳಿಲಿನ ಕೂದಲ ಕುಂಚದಿಂದ ಕಣ್ಣು ಬರೆಯಬೇಕು. ಕಣ್ಣು ಬರೆದ ಮೇಲೆ ಅದು ಮಣ್ಣಲ್ಲ. ಅದಕ್ಕೆ ಮತ್ತೆ ಉಪಕರಣ ತಾಕಿಸುವ ಹಾಗಿಲ್ಲ. ಮಣೆಯಿಂದ ಎತ್ತುವುದು ನೀರಿಗೆ ಬಿಡುವುದಕ್ಕೆ ಮಾತ್ರ.

ಆ ವರ್ಷ ನನಗೆ ಒಂದು ವಿಚಾರ ಹೊಳೆಯಿತು. ಗಣಪತಿ ಕುರುಡನಾಗಿ ಯಾಕೆ ಕಾಯಬೇಕು? ತನ್ನ ಸೊಂಡಿಲು ತಯಾರಾಗುವುದನ್ನು ತಾನೇ ನೋಡಲಿ! ಎಷ್ಟು ಚಂದದ ವಿಚಾರ ಅನ್ನಿಸಿತೆಂದರೆ ಖುಷಿಯಿಂದ ಕಣ್ಣಲ್ಲಿ ನೀರು ಬಂತು. ನನ್ನ ಹಿರಿಯರಿಗೆ ಯಾರಿಗೂ ಇದು ತಿಳಿದಿರಲಿಲ್ಲವಲ್ಲ ಎಂದು ಅವರ ಮೇಲೆ ಅಯ್ಯೋ ಅನ್ನಿಸಿತು. ಬೆಳಗಿನ ಬಿಸಿಲು ಪಡಸಾಲೆಗೆ ಬರುವಷ್ಟರಲ್ಲಿ ಅಲ್ಲಿದ್ದ ಅಷ್ಟೂ ಗಣಪತಿಗಳಿಗೆ ಕಣ್ಣು ಬರೆದು ಮುಗಿಸಿದ್ದೆ. ಸೊಂಡಿಲು ಇರಲಿಲ್ಲ, ಕೈ ಇರಲಿಲ್ಲ. ಹೊಟ್ಟೆ, ತಲೆ, ಕಣ್ಣು, ಅಷ್ಟೇ. ಬಣ್ಣ ಇನ್ನೂ ಉಳಿದಿತ್ತು. ಕುಂಬಳಕಾಯಿಗೆ ಬರೆದೆ. ದನದ ಕೊಟ್ಟಿಗೆಯ ಕಂಬಕ್ಕೆ ಬರೆದೆ.

ಬಾವಿಯಿಂದ ಬಂದ ಗಂಗವ್ವ ಕೊಡ ಇಳಿಸಿದವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯ ಶಿವನ! ಏನ್ ಮಾಡಿಬಿಟ್ರಿ ಇದು?"

"ನೋಡು ಗಂಗಾ, ಎಲ್ಲಾರೂ ನಿನ್ನ ನೋಡಾಕತ್ತಾರ!" ಎಂದೆ ನಾನು. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

ಒಂದು ಮಾತು ಈಗಲೂ ಹೇಳುತ್ತೇನೆ, ಯಾರು ಏನು ಬೇಕಾದರೂ ಅಂದುಕೊಳ್ಳಲಿ. ಆ ಕಣ್ಣುಗಳು ಚೆನ್ನಾಗಿದ್ದವು. ಅಂಥ ಕಣ್ಣು ನಾನು ಅದಕ್ಕೆ ಮುಂಚೆ ಬರೆದಿರಲಿಲ್ಲ. ಎಲ್ಲಿ ನಿಂತರೂ ಹಿಂದೆಯೇ ಬರುತ್ತಿದ್ದವು. ನೋಡಲು ಬಂದ ಜನ ಕೈ ಮುಗಿದು, ಹೆದರಿ, ಹಿಂದಕ್ಕೆ ಸರಿದು ನಿಲ್ಲುತ್ತಿದ್ದರು.

ಹೆದರಿದ ಜನ ಆಮೇಲೆ ಸಿಟ್ಟಾದರು. ಚೌತಿ ಹತ್ತಿರ ಬಂದಿತ್ತು. ಅವರ ಮಣೆಗಳ ಮೇಲೆ ಸೊಂಡಿಲಿಲ್ಲದ ದೇವರು ಕೂತುಬಿಟ್ಟಿದ್ದ. ಒಡೆಯುವ ಹಾಗಿಲ್ಲ, ಮುಂದುವರಿಸುವ ಹಾಗಿಲ್ಲ. ನಾನಾದರೋ ಬಂದವರೊಡನೆ ಜಗಳಕ್ಕೆ ನಿಂತೆ. ನಿಮ್ಮ ಮಣೆ ಯಾರಿಗೆ ಬೇಕು, ಕುಳಗಿ ಕಾಡಿನ ಗುಡ್ಡವನ್ನೇ ಕಡಿದು ಗಣಪತಿ ಮಾಡುತ್ತೇನೆ, ಗೋವೆಯಿಂದ ಜನ ನೋಡಲು ಬರುತ್ತಾರೆ ಎಂದು ಬೀದಿಯಲ್ಲಿ ನಿಂತು ಭಾಷಣ ಮಾಡಿದೆ. ಕಡೆಗೆ ನನ್ನನ್ನು ಒಳಕೋಣೆಯಲ್ಲಿ ಕೂಡಿಹಾಕಿದರು. ಆ ಕುಳಗಿಯಲ್ಲಿ ಮರ ಕಡಿಸುವ ಜಂಗಲ್ ಕ್ಯಾಂಪಿನಲ್ಲಿ ಕೆಲಸಕ್ಕಿದ್ದ ನನ್ನ ಭಾಮೈದ ತಿಪ್ಪಣ್ಣ ರಜೆ ಹಾಕಿ ಬಂದ. ಅವನೂ ಗಂಗವ್ವನೂ ಸೇರಿ ಅಷ್ಟೂ ಗಣಪತಿಗಳನ್ನು ಬಂಡಿಯಲ್ಲಿ ಚಿಗಳ್ಳಿ ಕೆರೆಗೆ ಒಯ್ದು, ಆರತಿ ಮಾಡಿ, ನೀರಿಗೆ ಬಿಟ್ಟರು. ಚೌತಿಗೆ ಮುಂಚೆಯೇ ವಿಸರ್ಜನೆ. ನಮ್ಮ ಸೀಮೆಯಲ್ಲಿ ಅಂಥದ್ದು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಮಣೆಗಳನ್ನು ತೊಳೆದು ತಂದು ಕಟ್ಟೆಯ ಮೇಲೆ ಸಾಲಾಗಿ ಇಟ್ಟರು.

ಮಣೆಗಳೆಲ್ಲ ವಾಪಸ್ ಹೋದವು.

ಹಳಿಯಾಳದಲ್ಲಿ ಅಚ್ಚಿನ ಗಣಪತಿ ಮಾಡುವವನೊಬ್ಬನಿದ್ದ. ಜನ ಅಲ್ಲಿಗೆ ಓಡಿದರು.

ದಸರೆಯ ಹೊತ್ತಿಗೆ ನನ್ನ ಓಟ ತಾನಾಗಿಯೇ ನಿಂತಿತು. ನಿಂತದ್ದಷ್ಟೇ ಅಲ್ಲ, ಕುಸಿಯಿತು. ಬೆಳಗಾದರೆ ಎದೆಯ ಮೇಲೆ ಹಸಿ ಮಣ್ಣು ಹೇರಿದ ಹಾಗೆ. ಏಳಬೇಕು ಅನ್ನಿಸುತ್ತಿರಲಿಲ್ಲ. ರೊಟ್ಟಿ ಬಾಯಲ್ಲಿ ಹೊಟ್ಟಾಗುತ್ತಿತ್ತು. ಎರಡು ಧೋತರದಲ್ಲಿ ಯಾವುದು ಉಡಲಿ ಎಂದು ತೀರ್ಮಾನಿಸಲಾಗದೆ ಅತ್ತಿದ್ದೇನೆ, ನಗಬೇಡಿ. ಮಾತು ನಿಂತುಹೋಯಿತು. "ಅಷ್ಟ ಮಾತಾಡ್ತಿದ್ರಿ, ಈಗ ಬೀಸುಕಲ್ಲಿಗಾದ್ರೂ ಒಂದ್ ಮಾತ ಆಡ್ರಿ" ಎಂದು ಗಂಗವ್ವ ಎದುರಿಗೆ ಕೂತು ಬೇಡಿಕೊಳ್ಳುತ್ತಿದ್ದಳು. ನನಗೆ ತುಟಿ ಎತ್ತಲೂ ಭಾರ.

ಕಣ್ಣು ಮೊದಲು ಬರೆದ ಪಾಪಕ್ಕೇ ಹುಚ್ಚು ಹಿಡಿಯಿತು ಎಂದು ಊರು ಹೇಳಿತು. ನಾನೂ ಹಾಗೆಯೇ ನಂಬಿದೆ. ದೇವರೇ ಸಿಟ್ಟಾದ ಮೇಲೆ ಔಷಧ ಎಲ್ಲಿಯದು? ಚಿಗಳ್ಳಿ ಕೆರೆ ಮತ್ತೆ ಮತ್ತೆ ಮನಸ್ಸಿಗೆ ಬರುತ್ತಿತ್ತು. ಮಣ್ಣಿಗಾಗಿ ಅಲ್ಲ. ನಾನು ಯಾರಿಗೂ ಹೇಳಿರಲಿಲ್ಲ. ಗಂಗವ್ವನಿಗೆ ಹೇಗೆ ತಿಳಿಯಿತೋ, ನಾನು ಹಿತ್ತಲಿಗೆ ಹೋದರೂ ಹಿಂದೆ ಬಂದು ನಿಲ್ಲುತ್ತಿದ್ದಳು.

ಒಂದು ದಿನ ಅವಳೂ ತಿಪ್ಪಣ್ಣನೂ ನನ್ನನ್ನು ಧಾರವಾಡದ ಹುಚ್ಚರ ಆಸ್ಪತ್ರೆಗೆ ಹೊರಡಿಸಿದರು. ಯುದ್ಧದ ಕಾಲ, ಪೆಟ್ರೋಲ್ ಇಲ್ಲ. ಇದ್ದಿಲ ಗ್ಯಾಸಿನ ಮೋಟಾರು ಏರುದಾರಿ ಬಂದಲ್ಲೆಲ್ಲ ನಿಂತು ಉಸಿರು ತೆಗೆದುಕೊಳ್ಳುತ್ತಿತ್ತು. "ಮಾಮಾ, ಇದಕ್ಕೂ ನಿಮ್ಮ ಬ್ಯಾನಿನ ಆಗೇತಿ" ಎಂದ ತಿಪ್ಪಣ್ಣ. ಎಷ್ಟೋ ತಿಂಗಳ ಮೇಲೆ ನನಗೆ ಸಣ್ಣ ನಗು ಬಂತು. ಗಂಗವ್ವ ಅದನ್ನು ನೋಡಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ಆಸ್ಪತ್ರೆಯ ಡಾಕ್ಟರು ಕನ್ನಡಕದ ಮನುಷ್ಯ, ಅವಸರವಿಲ್ಲದವರು. ಎಲ್ಲವನ್ನೂ ಕೇಳಿಸಿಕೊಂಡರು. ಕಣ್ಣಿನ ಕಥೆ ಬಂದಾಗ ಪೆನ್ನು ಕೆಳಗಿಟ್ಟು ಗಂಗವ್ವನ ಕಡೆ ತಿರುಗಿದರು.

"ತಂಗೀ, ನೆನಪು ಮಾಡಿ ಹೇಳು. ನಿದ್ದಿ ಮೊದಲ ಹೋತೋ, ಕಣ್ಣು ಮೊದಲ ಬರದರೋ?"

"ನಿದ್ದೀನ ಮೊದಲ ಹೋತ್ರಿ. ಅದಾದ ಮ್ಯಾಲ ವಾರ ದಾಟಿ ಕಣ್ಣು ಬರದ್ರು."

"ಹಂಗಾದ್ರ ಕಣ್ಣು ಬರದದ್ದಕ್ಕ ಬ್ಯಾನಿ ಬಂದಿಲ್ಲ. ಬ್ಯಾನಿ ಬಂದದ್ದಕ್ಕ ಕಣ್ಣು ಬರದಾರ. ದೇವರನ್ಯಾಕ ನಡುವ ತರ್ತೀರಿ? ಪಾಪ, ಅಂವಗೂ ಕೆಲಸ ಇರ್ತಾವ."

ಅಷ್ಟೇ ಮಾತು. ನನ್ನ ಎದೆಯ ಮೇಲಿನ ಮಣ್ಣಿನಲ್ಲಿ ಅರ್ಧದಷ್ಟನ್ನು ಆ ಮನುಷ್ಯ ಆವತ್ತೇ ಇಳಿಸಿದರು.

ಕಾಯಿಲೆಯ ಹೆಸರು ಮ್ಯಾನಿಕ್ ಡಿಪ್ರೆಸಿವ್ ಅಂದರು. ಸುತ್ತು ಹಾಕಿ ಬರುವ ಕಾಯಿಲೆ. ಒಮ್ಮೆ ಏರಿಸುತ್ತದೆ, ಒಮ್ಮೆ ಇಳಿಸುತ್ತದೆ, ನಡುವೆ ಬಿಟ್ಟುಕೊಡುತ್ತದೆ. ವಾರ್ಡಿನಲ್ಲಿ ಕೆಲಕಾಲ ಇಟ್ಟುಕೊಂಡರು. ಬೆಳಗ್ಗೆ ಎಬ್ಬಿಸಿ ನಡೆಸುತ್ತಿದ್ದರು, ಹೊತ್ತಿಗೆ ಸರಿಯಾಗಿ ಉಣಿಸುತ್ತಿದ್ದರು. ಬೇಸಿಗೆ ಹತ್ತಿರವಾದಂತೆ ಅನ್ನಕ್ಕೆ ಮತ್ತೆ ರುಚಿ ಬಂತು. ಡಿಸ್ಚಾರ್ಜ್ ದಿನ ನನ್ನ ಮನಸ್ಸಿನಲ್ಲಿದ್ದ ಒಂದೇ ಪ್ರಶ್ನೆ ಕೇಳಿಬಿಟ್ಟೆ.

"ಸಾಹೇಬ್ರ, ನನ್ನ ಕೈ ಉಳೀತೈತ್ರಿ?"

"ಕೈಗೆ ಏನೂ ಆಗಂಗಿಲ್ಲ. ಮತ್ತ ನಿದ್ದಿ ಕೆಡಾಕ ಹತ್ತಿದ್ರ ಈ ಬ್ರೋಮೈಡ್ ಮಿಕ್ಸ್ಚರ್ ತಗೋಬೇಕು. ಅದು ಸ್ವಲ್ಪ ಮಬ್ಬು ತರಸ್ತದ, ಸುಳ್ಳು ಹೇಳಂಗಿಲ್ಲ." ಆಮೇಲೆ ಗಂಗವ್ವನಿಗೆ ಹೇಳಿದರು, "ಬರೂದು ಬರ್ತದ. ಬರೂ ಮುಂಚೆ ಬಾಗಲಾ ಬಡೀತದ. ಆ ಸಪ್ಪಳಾ ಗುರ್ತ ಹಿಡಿ."

ಗಂಗವ್ವ ಮನೆ ಮುಟ್ಟಿದವಳೇ ಕಾಲು ತೊಳೆದು, ಗೂಡಿನಲ್ಲಿದ್ದ ಕಣ್ಣು ಬರೆಯುವ ಕುಂಚ ತೆಗೆದು, ಬಟ್ಟೆಯಲ್ಲಿ ಸುತ್ತಿ, ತನ್ನ ಸಂದೂಕದಲ್ಲಿ ಹಾಕಿ ಕೀಲಿ ಜಡಿದಳು. ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏನದು?" ಎಂದೆ.

"ಹೋದ ಶ್ರಾವಣದಾಗ ಕಣ್ಣು ಬರಿಯೂಕಿಂತ ಮೊದಲ, ದಿನಾ ಆ ಕುಂಚ ತಗದು ತಗದು ನೋಡ್ತಿದ್ರಿ. ನನಗ ಆಗ ತಿಳೀಲಿಲ್ಲ. ಇನ್ ಮ್ಯಾಲ ಕುಂಚ ನನ್ನ ಕಡೆ. ಚೌತಿ ಹಿಂದಿನ ದಿನ ಕೊಡ್ತೀನಿ. ಅದಕ್ಕ ಮುಂಚೆ ಕೇಳಿದ್ರಿ ಅಂದ್ರ, ಕುಂಚ ಕೊಡಾಂಗಿಲ್ಲ, ಔಷಧ ಕೊಡ್ತೀನಿ."

ನನಗೆ ಮೈಯೆಲ್ಲ ಉರಿಯಿತು. "ಆ ಕುಂಚಾನ ನಮ್ಮ ಮನ್ಯಾಗ ಹೆಣ್ಣಮಕ್ಕಳು ಮುಟ್ಟಿದ್ದಿಲ್ಲ, ಗೊತ್ತೈತೋ ಇಲ್ಲೋ?"

"ಹುಚ್ಚರೂ ಮುಟ್ಟಿದ್ದಿಲ್ಲ" ಎಂದಳು ಗಂಗವ್ವ, ಒಲೆಗೆ ಕಟ್ಟಿಗೆ ಸರಿಸುತ್ತ. ನಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ.

ಕೆಲಸವನ್ನು ಮಣ್ಣೆತ್ತುಗಳಿಂದ ಶುರು ಮಾಡಿದೆ. ಎತ್ತಿಗೆ ಕುಂಚ ಬೇಡ, ಎರಡು ಗುಲಗಂಜಿ ಒತ್ತಿದರೆ ಅದೇ ಕಣ್ಣು. ಮೊದಲ ಜೋಡಿ ಎಮ್ಮೆಕರುವಿನ ಹಾಗಾಯಿತು. ಮೂರನೆಯ ಜೋಡಿಗೆ ಬೆರಳು ತನ್ನ ದಾರಿ ಹಿಡಿಯಿತು. ಹಸಿ ಮಣ್ಣನ್ನು ಮೂಗಿಗೆ ಹಿಡಿದು ಮತ್ತೆ ಮತ್ತೆ ಮೂಸಿದೆ, ಸಂತೋಷಕ್ಕೆ. ಅಮಾವಾಸ್ಯೆಗೆ ಊರವರು ಎತ್ತು ಒಯ್ದರು. ಎತ್ತಿನ ಮೇಲೆ ಯಾರಿಗೂ ಸಂಶಯವಿರಲಿಲ್ಲ.

ಮಣೆ ಮಾತ್ರ ಬರಲಿಲ್ಲ.

ದಿನಾ ಕಟ್ಟೆಯ ಮೇಲೆ ಕೂತು ದಾರಿ ನೋಡಿದೆ. ಪಾಳಾ ಊರಿನ ಕಡೆಯಿಂದ ಒಬ್ಬ ತಲೆಯ ಮೇಲೆ ಮಣೆ ಹೊತ್ತು ಬರುವುದು ಕಂಡು ಎದ್ದು ನಿಂತೆ. ಅವನು ನನ್ನನ್ನು ನೋಡಿ, ತಲೆ ತಗ್ಗಿಸಿ, ಹಳಿಯಾಳದ ಬಂಡಿ ನಿಲ್ಲುವ ಕಡೆಗೆ ನಡೆದ. ಗಣಪತಿ ಮಾಡುವವನ ಮನೆಯಲ್ಲಿ ಮಣೆ ಇಲ್ಲವೆಂದರೆ ಅವನು ಯಾರು? ಅಚ್ಚುಕಟ್ಟಾಗಿ ಉಣ್ಣುವ, ಹೊತ್ತಿಗೆ ಮಲಗುವ ಒಬ್ಬ ರೋಗಿ.

ಕಾಶವ್ವ ಆಯಿ ಬಂದದ್ದು ಆಗ. ಚಿಗಳ್ಳಿಯ ರೈತರ ಮನೆಯ ಮುದುಕಿ, ನಮ್ಮಪ್ಪನ ಕಾಲದಿಂದ ನಮ್ಮಲ್ಲಿ ಮಣೆ ಇಡುವವಳು. ಕಂಕುಳಲ್ಲಿ ಅವಳ ಗೇಣಗಲದ ಪುಟ್ಟ ಮಣೆ. ಬಂದವಳು ಅದನ್ನು ನನ್ನ ಮುಂದೆ ಕುಕ್ಕಿದಳು.

"ಏ ಈರಪ್ಪಾ, ಹಳ್ಯಾಳಕ್ಕ ಹೋಗಿದ್ನೋ ಯಪ್ಪಾ. ಅಂವನ ಅಚ್ಚಿನ ಗಣಪ್ಪ ಒಂದೊಂದೂ ಸಾವಕಾರ ಇದ್ದಂಗ ಐತಿ. ಹೊಟ್ಟಿ ಕುಂತ್ರ ಕಾಲ ಹೊರಗ, ಕಾಲ ಕುಂತ್ರ ಹೊಟ್ಟಿ ಹೊರಗ. ನನ್ನ ಮಣಿ ಮ್ಯಾಲ ಕುಂದ್ರಂಗ ಇಲ್ಲ. ನೀನ ಮಾಡು."

"ಆಯೀ, ಊರಾಗ ಏನಂತಾರ ಗೊತ್ತಲ್ಲ?"

"ಊರ ಬಾಯಿಗೆ ಅಗಳಿ ಹಾಕಾಕ ಆಗತೈತೇನು? ಈಗ ನಿದ್ದಿ ಮಾಡ್ತೀಯೋ ಇಲ್ಲೋ?"

"ಮಾಡ್ತೀನಿ."

"ಉಣ್ತೀಯೋ ಇಲ್ಲೋ?"

ಒಳಗಿನಿಂದ ಗಂಗವ್ವ ಕೂಗಿದಳು, "ಬುಟ್ಟಿ ರೊಟ್ಟಿ ಖಾಲಿ ಮಾಡ್ತಾರ, ಆಯೀ!"

"ಮತ್ತೇನು? ಮಾಡು." ಆಯಿ ಎಲೆ ಅಡಿಕೆ ಇಟ್ಟು ಎದ್ದಳು. ಬಾಗಿಲು ದಾಟುವಾಗ ಹಿಂತಿರುಗಿ, "ಸೊಂಡಿ ಮರೀಬ್ಯಾಡ ಮತ್ತ!" ಎಂದು ನಗುತ್ತ ಹೋದಳು.

ಒಂದೇ ಮಣೆ, ಒಂದೇ ಗಣಪತಿ. ಮೊದಲು ಒಂದು ಹೊಟ್ಟೆಗೆ ಕೊಡುತ್ತಿದ್ದಷ್ಟು ಹೊತ್ತನ್ನು ಈಗ ಒಂದು ಕಾಲ್ಬೆರಳಿಗೆ ಕೊಟ್ಟೆ. ಶ್ರಾವಣ ಹಿಡಿಯಿತು. ಕೈ ಹಗುರಾಯಿತು. ಮಣ್ಣು ನಾನು ಹೇಳುವ ಮುಂಚೆಯೇ ಬಗ್ಗುತ್ತಿತ್ತು. ಕಾಗೆಯ ಕೂಗಿನಲ್ಲೂ ತಾಳ ಕೇಳಿಸಿತು. ಆಹಾ, ಎಷ್ಟು ಚಂದ ಅನ್ನಿಸಿತು! ಒಂದು ಬೆಳಗ್ಗೆ ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಗಂಗವ್ವ ರೊಟ್ಟಿ ಬಡಿಯುತ್ತಿದ್ದಳು.

"ಒಂದ್ ಗಳಿಗಿ ಕುಂಚ ಕೊಡು. ಕೂದಲಾ ಸರಿ ಅದಾವೋ ಇಲ್ಲೋ ನೋಡಿ ಕೊಟ್ಟ್ ಬಿಡ್ತೀನಿ."

ರೊಟ್ಟಿಯ ಸಪ್ಪಳ ನಿಂತಿತು.

"ಏನಂದ್ರಿ?"

"ಕೂದಲಾ ನೋಡಾಕ ಅಂದೆ. ಬರಿಯಾಕ ಅಲ್ಲ. ನುಸಿ ತಿಂದಿದ್ರ ಚೌತಿಗೆ ಏನ್ ಮಾಡೂದು? ನಿನಗೇನ್ ತಿಳೀತೈತಿ ಕುಂಚದ್ದು? ಕೊಡು ಅಂದ್ರ ಕೊಡಬೇಕು. ಇದು ನನ್ನ ಮನಿ, ನನ್ನ ಕುಂಚ, ನನ್ನ ಕೈ..."

ಕೂಗಾಡಿದೆ. ಕಾಲಲ್ಲಿ ಒದ್ದು ಜಾಜಿನ ಬಟ್ಟಲು ಉರುಳಿಸಿದೆ. ಕೆಂಪು ಬಣ್ಣ ಅಂಗಳದವರೆಗೆ ಹರಿಯಿತು. ಗಂಗವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದು, ಸೊಂಟದ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು, ನನ್ನ ಎದುರಿಗೆ ನಿಂತಳು.

"ಗಣಪ್ಪನ ಕಿವಿ ಆಗ್ಯಾವೇನ್ರಿ?"

ತಿರುಗಿ ನೋಡಿದೆ. ಪಡಸಾಲೆಯಲ್ಲಿ ಆಯಿಯ ಮಣೆಯ ಮೇಲೆ ಗಣಪತಿ ಕೂತಿದ್ದ. ಸೊಂಡಿಲು ಇತ್ತು, ಹೊಟ್ಟೆ ಇತ್ತು. ಕಿವಿ ಇನ್ನೂ ಇಟ್ಟಿರಲಿಲ್ಲ. ಕಿವಿಯಿಲ್ಲದ ದೇವರಿಗೆ ನಾನು ಕಣ್ಣು ಕೇಳಲು ಬಂದಿದ್ದೆ.

ಬಾಗಿಲು ಬಡಿಯುವ ಸಪ್ಪಳ ಆಗ ನನಗೂ ಕೇಳಿಸಿತು.

ನಿಜ ಹೇಳಬೇಕೆಂದರೆ, ಬಾಗಿಲು ತೆಗೆಯುವ ಆಸೆ ಇತ್ತು. ಆ ಏರು ಎಷ್ಟು ಸಿಹಿ ಎಂದು ಏರಿ ಬಂದವರಿಗೆ ಗೊತ್ತು. ಆ ಹಳೆಯ ಕಣ್ಣುಗಳು, ಹಿಂದೆಯೇ ಬರುತ್ತಿದ್ದ ಕಣ್ಣುಗಳು, ಅಲ್ಲಿ ಬಾಗಿಲಾಚೆ ಇದ್ದವು. ಕೈ ಚಾಚಿದರೆ ಸಿಗುತ್ತಿದ್ದವು. ಇಲ್ಲಿ ಗೇಣಗಲದ ಒಂದು ಮಣೆ. ಅದಕ್ಕೂ ಕಣ್ಣು ಮೊದಲು ಬಂದರೆ ಇನ್ನು ಈ ಮನೆಗೆ ಯಾವ ಮಣೆಯೂ ಬರುವುದಿಲ್ಲ. ಕಂಬ ಹಿಡಿದು ಕೂತುಬಿಟ್ಟೆ.

"ಗಂಗಾ, ಔಷಧ ಕೊಡು" ಎಂದೆ.

ಅವಳು ಅಳುತ್ತಲೇ ಚಮಚ ತಂದಳು. ಹಿಟ್ಟು ಮೆತ್ತಿದ ಕೈಯಿಂದಲೇ ಕುಡಿಸಿದಳು. ಉಪ್ಪುಪ್ಪು, ಕಹಿ, ಹೊಲಸು ರುಚಿ. ತಿಪ್ಪಣ್ಣನಿಗೆ ಹೇಳಿ ಕಳಿಸಿದಳು. ಅವನು ಬಂದು ಜೊತೆಗಿದ್ದು ನನ್ನನ್ನು ಬೀದಿಗೆ ಬಿಡಲಿಲ್ಲ. ಆ ದಿನಗಳು ಮಬ್ಬಿನಲ್ಲಿ ಹೋದವು, ಉಂಡದ್ದು, ಮಲಗಿದ್ದು, ಮತ್ತೆ ಮಲಗಿದ್ದು. ಮಣ್ಣು ಒಣಗಿ ಬಿರಿಯಬಾರದೆಂದು ಗಂಗವ್ವ ಗಣಪತಿಗೆ ಒದ್ದೆ ಬಟ್ಟೆ ಹೊದಿಸುತ್ತಿದ್ದಳು. ನನಗೆ ಚಾದರ, ಅವನಿಗೆ ಒದ್ದೆ ಬಟ್ಟೆ. "ಇಬ್ಬರದೂ ಬಾಣಂತನ ನನಗ ಬಿದ್ದೈತಿ" ಎಂದು ಬೈಯುತ್ತಿದ್ದಳು. ಆ ಬೈಗುಳ ಕೇಳುತ್ತ ನಿದ್ದೆ ಹೋಗುವುದು ಬಹಳ ಸುಖವಾಗಿತ್ತು.

ಏರು ಇಳಿಯಿತು. ಈ ಸಲ ಹಳ್ಳದವರೆಗೆ ಇಳಿಯಲಿಲ್ಲ. ಒಂದು ಮಧ್ಯಾಹ್ನ ಎದ್ದು, ಮುಖ ತೊಳೆದು, ಗಣಪತಿಗೆ ಕಿವಿ ಇಟ್ಟೆ. ಬಣ್ಣದ ಪುಡಿ ಯುದ್ಧದಿಂದಾಗಿ ಅಂಗಡಿಯಲ್ಲಿ ಇರಲಿಲ್ಲ. ಸುಣ್ಣ, ಅರಿಶಿನ, ಜಾಜು, ದೀಪದ ಕಾಡಿಗೆ, ಮನೆಯಲ್ಲಿದ್ದದ್ದೇ ಬಣ್ಣ.

ಚೌತಿಯ ಹಿಂದಿನ ದಿನ ಮಿಂದು ಬಂದು ಕೂತೆ. ಗಂಗವ್ವ ತಾನೂ ಮಿಂದು, ಸಂದೂಕ ತೆರೆದು, ಕುಂಚವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಕೂದಲಿಗೆ ನುಸಿ ಹತ್ತಿರಲಿಲ್ಲ. ಔಷಧದ ಮಬ್ಬು ಬೆರಳಲ್ಲಿ ಇನ್ನೂ ಉಳಿದಿತ್ತು. ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದು, ಉಸಿರು ಬಿಗಿದು, ಬರೆದೆ. ಹಿಂದೆಯೇ ಬರುವ ಕಣ್ಣುಗಳಲ್ಲ ಅವು. ಸ್ವಲ್ಪ ಕೆಳಗೆ ನೋಡುವ, ಆಗಷ್ಟೇ ಊಟ ಮುಗಿಸಿದವನ ಕಣ್ಣು. ಇಷ್ಟೇನಾ ಅನ್ನಿಸಿತು. ನೋವಾಯಿತು ಕೂಡ.

ಮರುದಿನ ಬೆಳಗ್ಗೆ ಕಾಶವ್ವ ಆಯಿ ಜಾಗಟೆ ಹಿಡಿದುಕೊಂಡು ಒಬ್ಬಳೇ ಬಂದಳು. ಗಣಪತಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅತ್ತ ತಿರುಗಿ ಇತ್ತ ತಿರುಗಿ ಬಹಳ ಹೊತ್ತು ನೋಡಿದಳು.

"ಹೋದ ವರ್ಷದ ಕಣ್ಣು ಬಾಳ ಜೋರ ಇದ್ವೋ ಈರಪ್ಪಾ" ಎಂದಳು. "ನೋಡಿದ ಮ್ಯಾಲ ನನಗ ಎರಡ ದಿನ ಅನ್ನ ಇಳೀಲಿಲ್ಲ. ಈ ಗಣಪ್ಪನ ಮುಂದ ಕುಂತು ಉಣಬಹುದು."

ಅಷ್ಟು ಹೇಳಿ ಗಣಪತಿಯ ಮುಖಕ್ಕೆ ಬಟ್ಟೆ ಮುಚ್ಚಿ, ಮಣೆ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಜಾಗಟೆಯನ್ನು ಬೀದಿ ಮುಗಿಯುವ ತನಕ ಗಂಗವ್ವನೇ ಬಾರಿಸುತ್ತ ಹೋದಳು. ಕೇಳಿದವರು ಕೇಳಲಿ ಎನ್ನುವ ಹಾಗೆ ಬಾರಿಸಿದಳು.

ಐದನೆಯ ದಿನಕ್ಕೆ ಚಿಗಳ್ಳಿಯ ಗಣಪತಿಗಳು ಕೆರೆಗೆ ಹೋಗುತ್ತವೆ. ಗಣಪತಿಯನ್ನು ನೀರಿಗೆ ಬಿಟ್ಟು, ಕೆರೆಯ ಒಂದು ಹಿಡಿ ಮಣ್ಣನ್ನು ಅದೇ ಮಣೆಯ ಮೇಲಿಟ್ಟು ಮನೆಗೆ ಒಯ್ಯುವುದು ರೂಢಿ. ಬರಿ ಮಣೆ ಹಿಂದಕ್ಕೆ ಬರಬಾರದು. ಮಾರನೆಯ ದಿನ ಆಯಿ ಮತ್ತೆ ನಮ್ಮ ಬಾಗಿಲಲ್ಲಿ ನಿಂತಿದ್ದಳು. ತಲೆಯ ಮೇಲೆ ಮಣೆ, ಮಣೆಯ ಮೇಲೆ ಹಸಿ ಮಣ್ಣು.

"ಮನಿಗೆ ಒಯ್ದು ಮತ್ತ ಮುಂದಿನ ವರ್ಷ ಹೊತ್ತುಕೊಂಡ್ ಬರಾಕ ನನಗೇನ್ ಹರೇ ಐತೇನೋ?" ಎಂದು ಬೈದಳು. "ಇಲ್ಲೇ ಇರ್ಲಿ."

ಮಣೆಯನ್ನು ಪಡಸಾಲೆಯ ಮೂಲೆಯಲ್ಲಿ ಇಟ್ಟು, ಗಂಗವ್ವ ಕೊಟ್ಟ ಚಹಾ ಕುಡಿದು ಹೋದಳು. ಅವಳು ಮರೆಯಾಗುವ ತನಕ ಕಾದು ನಾನು ಅತ್ತೆ. ಆಮೇಲೆ ಗೂಡಿನಿಂದ ಕುಂಚ ತೆಗೆದು, ಗಂಗವ್ವ ಕೇಳುವ ಮುಂಚೆ ನಾನೇ ಅವಳ ಕೈಯಲ್ಲಿ ಇಟ್ಟೆ.

ಕಾಯಿಲೆ ಮತ್ತೆ ಬರಬಹುದು, ಡಾಕ್ಟರು ಹೇಳಿದ್ದಾರೆ. ಔಷಧದ ಬಾಟ್ಲಿ ಸಂದೂಕದಲ್ಲಿ ಕುಂಚದ ಪಕ್ಕದಲ್ಲೇ ಇದೆ. ಸದ್ಯ ಹೊತ್ತಿಗೆ ಹಸಿವಾಗುತ್ತದೆ, ಹೊತ್ತಿಗೆ ನಿದ್ದೆ ಬರುತ್ತದೆ, ಗಂಗವ್ವ ಬೈಯುತ್ತಾಳೆ. ಮೂಲೆಯಲ್ಲಿ ಆಯಿಯ ಮಣೆ ಇದೆ. ಅದರ ಮೇಲಿನ ಮಣ್ಣು ಒಣಗಿದೆ. ನೀರು ಹಾಕಿ ನೆನೆಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.